ಪಿಯುಸಿ ಮಕ್ಕಳ ಸಿಇಟಿ, ಕಾಲೇಜು ಅರ್ಜಿ: ಯಾವಾಗ ಯಾವ ಕೆಲಸ ಹಿಡಿಯಬೇಕು?

ತಾಲ್ಲೂಕು ಉಪನ್ಯಾಸಕಿ:
ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜು. ದ್ವಿತೀಯ ಪಿಯು ವಿಜ್ಞಾನದಲ್ಲಿ 46 ಮಕ್ಕಳು, ಕಲೆ ಮತ್ತು ವಾಣಿಜ್ಯ ಸೇರಿ 70ರ ಆಸುಪಾಸು. ಬಹುಪಾಲು ಮಕ್ಕಳ ಮನೆಯಲ್ಲಿ ಪಿಯುಸಿ ದಾಟಿದವರು ಯಾರೂ ಇಲ್ಲ, ಹಾಗಾಗಿ ಅರ್ಜಿ ತುಂಬುವುದರಿಂದ ಸೀಟು ಹಿಡಿಯುವವರೆಗೆ ಅವರು ಕೇಳುವುದು ನಮ್ಮನ್ನೇ. ಈ ವರ್ಷ ಮಾರ್ಗದರ್ಶನದ ಹೊಣೆ ನನ್ನದು.

ಸಿಇಟಿ (ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಅರ್ಜಿ ಸಾಮಾನ್ಯವಾಗಿ ಜನವರಿ ಹೊತ್ತಿಗೆ ಶುರುವಾಗುತ್ತದೆ. ಅದಕ್ಕೂ ಮೊದಲು ಮಾಡಿಸಿಟ್ಟುಕೊಳ್ಳಬೇಕಾದ್ದು ಏನೇನು? ಅರ್ಜಿಯಲ್ಲಿ ಎಲ್ಲಿ ಎಡವುತ್ತಾರೆ? ಬೋರ್ಡ್ ಪರೀಕ್ಷೆ ಮುಖ್ಯವೋ ಸಿಇಟಿ ಮುಖ್ಯವೋ ಎಂದು ಮಕ್ಕಳು ಕೇಳಿದರೆ ಲೆಕ್ಕ ಹಾಕಿ ತೋರಿಸುವುದು ಹೇಗೆ? ಕಲಾ ವಿಭಾಗದವರಿಗೆ "ಡಿಗ್ರಿ ಸೇರಿಕೊಳ್ಳಿ" ಅನ್ನುವುದಕ್ಕಿಂತ ಹೆಚ್ಚೇನು ಹೇಳಬಹುದು? ಅನುಭವಸ್ಥರು ದಯವಿಟ್ಟು ವಿವರವಾಗಿ ಬರೆಯಿರಿ.

ಮಲೆನಾಡ ಮೇಷ್ಟ್ರು:
ಮೇಡಂ, ಕಾಗದಪತ್ರದಿಂದಲೇ ಶುರುಮಾಡಿ. ಅಂಕ ಕಡಿಮೆಯಾಗಿ ಸೀಟು ತಪ್ಪಿದರೆ ಏನೂ ಮಾಡಲಾಗದು. ಪ್ರಮಾಣಪತ್ರ ಸರಿಯಿಲ್ಲದೆ ತಪ್ಪಿದರೆ ಅದು ನಾವು ತಡೆಯಬಹುದಾಗಿದ್ದ ನಷ್ಟ. ದಸರಾ ರಜೆಗೆ ಮೊದಲೇ ಮಗುವಿಗೊಂದು ಫೈಲ್ ಮಾಡಿಸಿ. ಮೇಲೆ ಎಸ್ಎಸ್ಎಲ್‌ಸಿ ಅಂಕಪಟ್ಟಿಯ ಜೆರಾಕ್ಸ್ ಇರಲಿ. ಮಿಕ್ಕ ಕಾಗದವೆಲ್ಲ ಅದರಲ್ಲಿರುವ ಹೆಸರಿಗೆ ತಾಳೆಯಾಗಬೇಕು.

ಹೆಸರಿನ ವಿಷಯ ಸಣ್ಣದಲ್ಲ. ಅಂಕಪಟ್ಟಿಯಲ್ಲಿ "ರೇಖಾ ಎಂ", ಆಧಾರ್‌ನಲ್ಲಿ "ಎಂ ರೇಖಾ", ಜಾತಿ ಪ್ರಮಾಣಪತ್ರದಲ್ಲಿ "ರೇಖಾ ಮಂಜಪ್ಪ" ಎಂದಿದ್ದರೆ ಆನ್‌ಲೈನ್ ಪರಿಶೀಲನೆಯಲ್ಲಿ ತೊಡಕಾಗುತ್ತದೆ. ಆಧಾರ್ ತಿದ್ದುಪಡಿಗೆ, ಆಮೇಲೆ ಹೊಸ ಪ್ರಮಾಣಪತ್ರಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಜನವರಿಯಲ್ಲಿ ಕಣ್ಣಿಗೆ ಬಿದ್ದರೆ ಸಮಯವಿರುವುದಿಲ್ಲ.

ಜಾತಿ ಮತ್ತು ಆದಾಯ: ನಾಡಕಚೇರಿಯಲ್ಲಿ ಅರ್ಜಿ, ತಹಶೀಲ್ದಾರರ ಸಹಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಪ್ರಮಾಣಪತ್ರ ಮಗುವಿನ ಹೆಸರಿನಲ್ಲೇ ಇರಬೇಕು, ಅಪ್ಪನದು ನಡೆಯುವುದಿಲ್ಲ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ಹಾಕುವುದು. ಆದಾಯ ಸೇರಿರುವ ಪ್ರಮಾಣಪತ್ರದ ಅವಧಿ 5 ವರ್ಷ. ಏಳನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಪಿಯು ಮುಗಿಯುವಷ್ಟರಲ್ಲಿ ಸತ್ತಿರುತ್ತದೆ. "ಮನೇಲಿದೆ ಮೇಡಂ" ಅಂದವರಿಂದಲೂ ತರಿಸಿ, ದಿನಾಂಕ ನೋಡಿ.

ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5. ಗ್ರಾಮೀಣಕ್ಕೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಏಳರವರೆಗೆ ಊರಲ್ಲಿ, ಹೈಸ್ಕೂಲು ಪುರಸಭೆ ವ್ಯಾಪ್ತಿಯಲ್ಲಿ ಓದಿದ್ದರೆ ಸಿಗದು. ಕನ್ನಡ ಮಾಧ್ಯಮಕ್ಕೂ ಹತ್ತೂ ವರ್ಷ ಬೇಕು. ಎರಡಕ್ಕೂ ಅರ್ಹರಾದವರು ಎರಡನ್ನೂ ಕೇಳಬಹುದು. ಮುಖ್ಯೋಪಾಧ್ಯಾಯರು ಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮಗು ಮೂರು ಶಾಲೆಯಲ್ಲಿ ಓದಿದ್ದರೆ ಮೂರೂ ಕಡೆಯಿಂದ ತರಬೇಕು. ಒಂದು ಶಾಲೆ ಬೇರೆ ತಾಲ್ಲೂಕಿನದಾದರೆ ಅಲ್ಲಿನ ಬಿಇಒ ಕಚೇರಿಗೇ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ, ಮುಖ್ಯೋಪಾಧ್ಯಾಯರು ಊರಲ್ಲಿರುವುದಿಲ್ಲ. ಶಾಲೆ ತೆರೆದಿರುವಾಗಲೇ ಮಾಡಿಸಿ.

ಇನ್ನೊಂದು, ರಾಜ್ಯದ ಸೀಟಿನ ಅರ್ಹತೆಗೆ 7 ವರ್ಷದ ವ್ಯಾಸಂಗ. ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಒಟ್ಟು 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಎಸ್ಎಲ್‌ಸಿ ಅಥವಾ ಪಿಯು ಇಲ್ಲೇ ಪಾಸಾಗಿರಬೇಕು. ಗುಳೆ ಹೋದ ಕುಟುಂಬದ ಮಕ್ಕಳು ನಡುವೆ ಗೋವಾ, ಮಹಾರಾಷ್ಟ್ರದಲ್ಲಿ ಕೆಲವು ವರ್ಷ ಓದಿರುತ್ತಾರೆ. ಅವರ ಲೆಕ್ಕ ಬೇರೆಯಾಗಿ ಬರೆದಿಡಿ.

ಕೃಷ್ಣಾ ತೀರ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯ ಮಕ್ಕಳಿದ್ದರೆ 371ಜೆ (ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ) ಪ್ರಮಾಣಪತ್ರ ಮರೆಯಬೇಡಿ. ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಸ್ಥಳೀಯರಿಗೆ ಮೀಸಲು. ಇದನ್ನು ಕೊಡುವವರು ತಹಶೀಲ್ದಾರರಲ್ಲ, ಉಪವಿಭಾಗದ ಸಹಾಯಕ ಆಯುಕ್ತರು. ಕಡತ ತಾಲ್ಲೂಕಿನಿಂದ ಎಸಿ ಕಚೇರಿಗೆ ಹೋಗಿ ಬರುವುದರಿಂದ ಎಲ್ಲಕ್ಕಿಂತ ತಡವಾಗುವುದು ಇದೇ.

ರ‍್ಯಾಂಕ್ ಲೆಕ್ಕ:
ಬೋರ್ಡ್ ಮತ್ತು ಸಿಇಟಿ ಪ್ರಶ್ನೆಗೆ ಉತ್ತರ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ. ಕಪ್ಪುಹಲಗೆ ಮೇಲೆ ಇದನ್ನು ಬರೆದು ತೋರಿಸಿ:

ಒಬ್ಬಳು ಪಿಯುನಲ್ಲಿ 300ಕ್ಕೆ 270 (ಶೇ 90), ಸಿಇಟಿಯಲ್ಲಿ 180ಕ್ಕೆ 72 (ಶೇ 40). ಸರಾಸರಿ 65.
ಇನ್ನೊಬ್ಬ ಪಿಯುನಲ್ಲಿ 210 (ಶೇ 70), ಸಿಇಟಿಯಲ್ಲಿ 99 (ಶೇ 55). ಸರಾಸರಿ 62.5.

ಸಿಇಟಿಯಲ್ಲಿ 27 ಅಂಕ ಹಿಂದಿದ್ದರೂ ಮೊದಲನೆಯವಳೇ ಮುಂದೆ. ಕೋಚಿಂಗ್‌ಗೆ ದುಡ್ಡಿಲ್ಲದ ಮಕ್ಕಳಿಗೆ ಇದಕ್ಕಿಂತ ಧೈರ್ಯ ಕೊಡುವ ಲೆಕ್ಕ ಇನ್ನೊಂದಿಲ್ಲ. ಪಠ್ಯಪುಸ್ತಕ ಗಟ್ಟಿಯಾಗಿ ಓದಿದವರಿಗೆ ಪಿಯು ಅಂಕವೇ ಆಸ್ತಿ, ಪ್ರಾಕ್ಟಿಕಲ್ ಅಂಕ ಬಿಡಬಾರದು. ಹಾಗೆಂದು ಸಿಇಟಿ ಕೈಬಿಡುವುದೂ ಬೇಡ: ಸಿಇಟಿಯ ಒಂದು ಅಂಕದ ತೂಕ ಪಿಯುನ ಒಂದೂ ಮುಕ್ಕಾಲು ಅಂಕಕ್ಕೆ ಹತ್ತಿರ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೊನೆಯ 5 ನಿಮಿಷ ಉಳಿದ ಪ್ರಶ್ನೆಗಳನ್ನು ತುಂಬುವುದಕ್ಕೇ ಇಟ್ಟುಕೊಳ್ಳಲಿ. ಇದನ್ನು ಓಎಂಆರ್ ಹಾಳೆ (ಗುಂಡಿ ತುಂಬುವ ಉತ್ತರ ಹಾಳೆ) ಕೊಟ್ಟು ಕಾಲೇಜಿನಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ. ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಬೇರೆ: ಅಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡನ್ನೂ ಬರೆಯುವ ಪಿಸಿಎಂಬಿ (ಪಿಸಿಎಂ ಜೊತೆ ಜೀವಶಾಸ್ತ್ರ) ಮಕ್ಕಳು ಈ ಎರಡು ನಿಯಮ ಅದಲುಬದಲು ಮಾಡಿಕೊಂಡು ಏಟು ತಿನ್ನುತ್ತಾರೆ.

ಎಂಜಿನಿಯರಿಂಗ್ ಅರ್ಹತೆಗೆ ಪಿಸಿಎಂನಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲು ವರ್ಗಗಳಿಗೆ ಶೇ 40. ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ) ಪರೀಕ್ಷೆ ಬರೆಯುವವರಿಗೆ ಪಿಯು ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಸೇರದು.

ಅರ್ಜಿ ಕೌಂಟರ್:
ಅರ್ಜಿಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಮೊಬೈಲ್ ಸಂಖ್ಯೆ. ಸೈಬರ್ ಅಂಗಡಿಯವರು ತಮ್ಮ ನಂಬರನ್ನೇ ಹಾಕಿಬಿಡುತ್ತಾರೆ. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ತುಂಬುವ) ದಿನ ಓಟಿಪಿ ಅವರ ಫೋನಿಗೆ ಹೋಗುತ್ತದೆ, ಅಂಗಡಿಗೆ ಬಾಗಿಲು ಹಾಕಿದ್ದರೆ ಮಗು ಬೀದಿಯಲ್ಲಿ. ಮನೆಯಲ್ಲಿ ಸದಾ ರೀಚಾರ್ಜ್ ಇರುವ ಒಂದು ಸಿಮ್ಮಿನ ನಂಬರ್ ಹಾಕಿಸಿ. ಯೂಸರ್ ಐಡಿ, ಪಾಸ್‌ವರ್ಡ್ ಫೈಲಿನ ಒಳರಟ್ಟಿನ ಮೇಲೆ ಬರೆಸಿ. ಸ್ಯಾಟ್ಸ್ (ಶಿಕ್ಷಣ ಇಲಾಖೆ ವಿದ್ಯಾರ್ಥಿಗೆ ಕೊಡುವ) ಸಂಖ್ಯೆಯೂ ಅಲ್ಲೇ ಇರಲಿ.

ಪಿಸಿಎಂಬಿ ಮಕ್ಕಳಿಂದ ಅರ್ಹತೆ ಇರುವ ಕೋರ್ಸೆಲ್ಲಕ್ಕೂ ಟಿಕ್ ಹಾಕಿಸಿ: ಎಂಜಿನಿಯರಿಂಗ್, ಕೃಷಿ, ಫಾರ್ಮಸಿ, ನರ್ಸಿಂಗ್. ಈಗ ಬೇಡವೆನಿಸಿದ್ದು ಜೂನ್‌ನಲ್ಲಿ ಬೇಕಾಗಬಹುದು. ರೈತರ ಮಕ್ಕಳು ಕೃಷಿ ಕೋಟಾ ಕೇಳುವುದಾದರೆ ತಹಶೀಲ್ದಾರರಿಂದ ವ್ಯವಸಾಯಗಾರರ ಪ್ರಮಾಣಪತ್ರ ಬೇಕು, ಪ್ರಾಯೋಗಿಕ ಪರೀಕ್ಷೆಗೂ ಹೋಗಲೇಬೇಕು. ನೀಟ್ ಬರೆದವರು ಅಷ್ಟಕ್ಕೇ ಸುಮ್ಮನೆ ಕೂರುವಂತಿಲ್ಲ. ರಾಜ್ಯದ ಸೀಟಿಗೆ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನೋಂದಣಿ ಇರಲೇಬೇಕು.

ಬಡವರಿಗೆ ತುಂಬ ಉಪಯೋಗದ, ಆದರೆ ಹಲವರು ಗಮನಿಸದ ಕಾಲಂ ಎಸ್ಎನ್‌ಕ್ಯು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟಿಗೆ ಬೋಧನಾ ಶುಲ್ಕ ಮನ್ನಾ. ಉಳಿದ ಶುಲ್ಕ ಕಟ್ಟಬೇಕು ಎಂಬುದನ್ನೂ ಪೋಷಕರಿಗೆ ಮೊದಲೇ ಹೇಳಿ.

ತಾಲ್ಲೂಕು ಉಪನ್ಯಾಸಕಿ:
ಎಲ್ಲರಿಗೂ ಧನ್ಯವಾದ, ಇಂದೇ ಫೈಲ್ ಪಟ್ಟಿ ಮಾಡುತ್ತೇನೆ. ಆಪ್ಷನ್ ಎಂಟ್ರಿಯಲ್ಲಿ "ಖಂಡಿತ ಸಿಗುವ ಕಾಲೇಜನ್ನು ಮೊದಲು ಹಾಕು, ಇಲ್ಲದಿದ್ದರೆ ಅದೂ ಹೋಗುತ್ತೆ" ಎಂದು ಹೊರಗಡೆ ಹೇಳಿಕೊಡುತ್ತಾರೆ. ಇದು ನಿಜವೇ?

ರ‍್ಯಾಂಕ್ ಲೆಕ್ಕ:
ಅಲ್ಲ ಮೇಡಂ. ಈ ಸಲಹೆಯಿಂದಲೇ ಒಳ್ಳೆ ರ‍್ಯಾಂಕಿನ ಮಕ್ಕಳು ಬೇಡದ ಕಾಲೇಜಿಗೆ ಹೋಗಿ ಕೂರುತ್ತಾರೆ. ಸರದಿ ಬರುವುದು ರ‍್ಯಾಂಕ್ ಪ್ರಕಾರ. ಮಗುವಿನ ಸರದಿ ಬಂದಾಗ ಗಣಕಯಂತ್ರ ಅವಳ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದರಲ್ಲಿ ಸೀಟಿಲ್ಲವೇ, ಎರಡನೆಯದು. ಅದೂ ಇಲ್ಲವೇ, ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದರ ಅವಕಾಶ ಒಂದು ಎಳೆಯೂ ಕಡಿಮೆಯಾಗದು. ಆದರೆ ಸಿಕ್ಕಿದ ಸೀಟಿನ ಕೆಳಗೆ ಬರೆದದ್ದೆಲ್ಲ ಮುಗಿದ ಹಾಗೆ. ಹಾಗಾಗಿ ಆಸೆಯ ಕ್ರಮದಲ್ಲೇ ಬರೆಸಿ, ತಳದಲ್ಲಿ ಖಂಡಿತ ಸಿಗುವಂಥದ್ದು ನಾಲ್ಕಾರು ಇರಲಿ.

ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಓದುವುದನ್ನು ಕಲಿಸಿ. ಅಡ್ಡಸಾಲಿನಲ್ಲಿ ಶಾಖೆ, ಮೇಲೆ ವರ್ಗದ ಸಂಕೇತ. 2ಎ ವರ್ಗಕ್ಕೆ ಮೂರು ಕಾಲಂ: 2ಎಜಿ ಎಂದರೆ ಆ ವರ್ಗದ ಸಾಮಾನ್ಯ, 2ಎಕೆ ಕನ್ನಡ ಮಾಧ್ಯಮ, 2ಎಆರ್ ಗ್ರಾಮೀಣ. ಹಳ್ಳಿಯಲ್ಲಿ ಕನ್ನಡದಲ್ಲೇ ಓದಿದ 2ಎ ಹುಡುಗಿ ಈ ಮೂರನ್ನೂ, ಜೊತೆಗೆ ಜಿಎಂ (ಜನರಲ್ ಮೆರಿಟ್), ಜಿಎಂಕೆ, ಜಿಎಂಆರ್ ಕಾಲಂಗಳನ್ನೂ ನೋಡಬೇಕು. ಬಹಳ ಮಕ್ಕಳು ಜಿಎಂ ಒಂದನ್ನೇ ನೋಡಿ "ನಂಗೆ ಸಿಗಲ್ಲ ಬಿಡಿ" ಎಂದು ಪಟ್ಟಿಯಿಂದ ತೆಗೆದುಹಾಕುತ್ತಾರೆ.

ಅಣಕು ಹಂಚಿಕೆ ಬಂದ ದಿನ ಎಲ್ಲರನ್ನೂ ಲ್ಯಾಬಿಗೆ ಕರೆಸಿ. ಅದು ನಿಜವಾದ ಸೀಟಲ್ಲ, ಪಟ್ಟಿಯ ತಪ್ಪು ತೋರಿಸುವ ಕನ್ನಡಿ. ತಿದ್ದಲು ಸಿಗುವುದು ಕೆಲವೇ ದಿನ. ನಿಜವಾದ ಹಂಚಿಕೆಯ ನಂತರ ನಾಲ್ಕು ಚಾಯ್ಸ್: ಒಂದು, ಒಪ್ಪಿ ಸೇರುವುದು, ಎರಡು, ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋಗುವುದು, ಮೂರು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕು, ಪೂರ್ತಿ ಹೊರಬರುವುದು. ಚಾಯ್ಸ್ 2 ಒತ್ತಿದವರಿಗೆ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ರದ್ದು, ವಾಪಸ್ ಬರಲಾಗದು. ಆದ್ದರಿಂದ ಎರಡನೇ ಸುತ್ತಿಗೆ ಮುನ್ನ, ಈಗಿನ ಸೀಟಿಗಿಂತ ನಿಜಕ್ಕೂ ಬೇಕಾದ್ದಷ್ಟೇ ಮೇಲೆ ಉಳಿಸಿ, ಮಿಕ್ಕದ್ದು ಅಳಿಸಿಸಿ. ಏನೂ ಒತ್ತದೆ ದಿನ ದಾಟಿದರೆ ಸೀಟು ಹೋಯಿತು.

ಕಲಾ ವಿಭಾಗ:
ಕಲೆ, ವಾಣಿಜ್ಯದ ಮಕ್ಕಳಿಗೆ ದಿನಾಂಕಗಳೇ ಬೇರೆ. ಕಾನೂನು ಓದುವ ಆಸೆ ಇದ್ದವರಿಗೆ ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ನಡೆಯುವುದು ಡಿಸೆಂಬರ್‌ನಲ್ಲಿ, ಅರ್ಜಿ ಅದಕ್ಕೂ ಮೊದಲೇ ಮುಗಿಯುತ್ತದೆ. ಬೋರ್ಡ್ ಪರೀಕ್ಷೆ ಆಗಲಿ ನೋಡೋಣ ಅಂದರೆ ಒಂದು ವರ್ಷ ಹೋದಂತೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿಯೂ ಇದೆ. ಕಲಬುರಗಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆಯಬೇಕು. ಸರ್ಕಾರಿ ಪದವಿ ಕಾಲೇಜಿಗೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ. 2024-25ರಿಂದ ಪದವಿ ಮತ್ತೆ 3 ವರ್ಷದ್ದಾಗಿದೆ. ಪಿಯುನಲ್ಲಿ ಓದಿದ ಐಚ್ಛಿಕ ವಿಷಯ ಆ ಕಾಲೇಜಿನಲ್ಲಿ ಇದೆಯೇ ಎಂದು ಅರ್ಜಿಗೆ ಮೊದಲೇ ವಿಚಾರಿಸಿ.

ವಿದ್ಯಾರ್ಥಿವೇತನಕ್ಕೆ ಎಸ್ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್), ಹಾಸ್ಟೆಲ್‌ಗೆ ಬೇರೆ ಪೋರ್ಟಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಂತಿಷ್ಟೆಂದು 10 ತಿಂಗಳು ನೆರವು ಸಿಗುತ್ತದೆ. ಹಣ ಮಂಜೂರಾಗಿಯೂ ಖಾತೆಗೆ ಬೀಳದಿರಲು ಸಾಮಾನ್ಯ ಕಾರಣ ಒಂದೇ: ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂಬ ದಾಖಲಾತಿ) ಆಗಿರುವುದಿಲ್ಲ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್" ಎಂದು ಕೇಳದೆ "ಎನ್‌ಪಿಸಿಐ ಸೀಡಿಂಗ್" ಎಂದೇ ಕೇಳಿ ಅರ್ಜಿ ಕೊಡಲಿ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಸೀಡ್ ಆದ ಖಾತೆಗೇ ದುಡ್ಡು ಹೋಗುತ್ತದೆ. ಅದು ಯಾವುದೆಂದು ಮಗುವಿಗೆ ಗೊತ್ತಿರಬೇಕು.

ಮಲೆನಾಡ ಮೇಷ್ಟ್ರು:
ಕೊನೆಗೊಂದು ಮಾತು ಮೇಡಂ. ಮೂಲ ದಾಖಲೆ ಯಾರ ಕೈಗೂ ಕೊಡುವ ಮುನ್ನ ಎರಡು ಸೆಟ್ ಜೆರಾಕ್ಸ್, ಜೊತೆಗೆ ಮನೆಯವರ ಫೋನಿನಲ್ಲಿ ಫೋಟೊ. ಕಾಲೇಜಿಗೆ ಮೂಲ ಅಂಕಪಟ್ಟಿ ಕೊಟ್ಟರೆ ಸ್ವೀಕೃತಿ ಬರೆಸಿಕೊಳ್ಳಲಿ. ಮುಂದಿನ ಸುತ್ತಿನಲ್ಲಿ ಸೀಟು ಬದಲಾದರೆ ಆ ಚೀಟಿ ತೋರಿಸಿಯೇ ಅದನ್ನು ವಾಪಸ್ ಪಡೆಯಬೇಕಾಗುತ್ತದೆ.