ಪದ ಬೇಕಿತ್ತು: ಕೇಯೆನ್ ಮೆಣಸಿನಕಾಯಿಗೆ ಕನ್ನಡದಲ್ಲಿ ಏನನ್ನೋಣ?

ಚಿಂತಾಮಣಿಯಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಾಗಿ ಒಂದು ಪದ ಬೇಕಿತ್ತು. ಶುಕ್ರವಾರ ಲೇಬಲ್ ಪ್ರಿಂಟಿಗೆ ಹೋಗುತ್ತದೆ.

ಈ ಸಲ ಅರ್ಧ ಎಕರೆಗೆ ಕೇಯೆನ್ ಮೆಣಸಿನಕಾಯಿ ಹಾಕಿದ್ದೆವು. ಕಾಯಿ ಸಣ್ಣಗೆ, ಉದ್ದಕ್ಕೆ ಇರುತ್ತದೆ, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಸಿಪ್ಪೆ ತೆಳು, ಹಾಗಾಗಿ ಬೇಗ ಒಣಗುತ್ತದೆ. ಬ್ಯಾಡಗಿಗಿಂತ ಖಾರ ಜಾಸ್ತಿ. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ 30,000ದಿಂದ 50,000. ಅರ್ಧ ಬೆಳೆ ಒಣಗಿಸಿ ಪುಡಿ ಮಾಡಿಸಿದೆವು. ಉಳಿದ ಹಣ್ಣು ರುಬ್ಬಿ, ಉಪ್ಪು ಬೆರೆಸಿ, ಎರಡು ವಾರ ಹುದುಗಲು ಬಿಟ್ಟು, ವಿನೆಗರ್ ಸೇರಿಸಿ ಸೋಸಿದ್ದೇವೆ. ಅದು ಸಾಸ್.

ಪ್ರಿಂಟಿಂಗ್‌ನವರು 'ಕೇಯೆನ್ ಮೆಣಸಿನ ಪುಡಿ' ಅಂತ ಹಾಕಿ ಕಳಿಸಿದರು. ನಮ್ಮ ಅತ್ತೆ ಓದಿ, "ಕಾಳುಮೆಣಸಿಂದಾ?" ಅಂದರು. ಅಲ್ಲಿಗೆ ನಿಂತಿದೆ. ಪುಡಿಗೆ ಒಂದು, ಸಾಸ್‌ಗೆ ಒಂದು ಹೆಸರು ಹೇಳಿ.

ತುಮಕೂರಿನಿಂದ

ಕೇಯೆನ್ ಬಿಡಿ. ಕನ್ನಡಕ್ಕೆ ಬೇಡ.

ಮೆಣಸಿನಕಾಯಿ ಈ ನೆಲದ್ದೇ ಅಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದಿದ್ದು. ಆದರೂ ನಮ್ಮವರು ಹೊರಗಿನ ಹೆಸರು ಹೊತ್ತು ತರಲಿಲ್ಲ. ಮೆಣಸಿನ ಹಾಗೆ ಉರಿಯುವ ಕಾಯಿ, ಮೆಣಸಿನಕಾಯಿ. ತಮಿಳರೂ ಹಾಗೇ ಮಿಳಗಾಯ್ ಅಂದರು, ತೆಲುಗರು ಮಿರಪಕಾಯ ಅಂದರು. ಆಮೇಲೆ ಆಕಾರ ನೋಡಿ ಹೆಸರಿಟ್ಟರು: ದೊಣ್ಣೆ ಮೆಣಸಿನಕಾಯಿ, ಸೂಜಿ ಮೆಣಸಿನಕಾಯಿ. ಬ್ಯಾಡಗಿಯಲ್ಲೇ ಡಬ್ಬಿ ಬೇರೆ, ಕಡ್ಡಿ ಬೇರೆ. ನೀವೇ ಕೊಕ್ಕೆ ಅಂದಿದ್ದೀರಿ. 'ಕೊಕ್ಕೆ ಮೆಣಸಿನಕಾಯಿ' ಅನ್ನಿ, ಮುಗಿಯಿತು. ಸಾಸ್‌ಗೆ 'ಗೊಜ್ಜು'.

'ಖಾರ' ಅಂತ ಮಾತ್ರ ಬರೆಯಬೇಡಿ. ಅದು ಸಂಸ್ಕೃತದ ಕ್ಷಾರ. ಬಾಯಲ್ಲಿ ಯಾರೂ ಆ ಮಹಾಪ್ರಾಣ ನುಡಿಯುವುದಿಲ್ಲ. 'ಕಾರ' ಸಾಕು.

ಬಂಗಾರಪೇಟೆಯಿಂದ

ಫ್ರೆಂಚರ ಉಚ್ಚಾರದಲ್ಲಿ ಅದು 'ಕಾಯೆನ್'. ಅದರೊಳಗೆ ನಮ್ಮ 'ಕಾಯಿ' ಕಾಣುತ್ತಿಲ್ಲವೇ? ಪೋರ್ಚುಗೀಸರು ಇಲ್ಲಿಂದಲೇ ಒಯ್ದಿರಬೇಕು. ತಮಿಳಿನ ಮಾಂಗಾಯ್ ಅವರ ಬಾಯಲ್ಲಿ ಮಾಂಗ ಆಗಿ, ಇಂಗ್ಲಿಷಿಗೆ ಹೋಗಿ ಮ್ಯಾಂಗೊ ಆಗಲಿಲ್ಲವೇ? ಇದೂ ಹಾಗೇ. ನಮ್ಮದೇ ಪದ ನಮಗೆ ವಾಪಸ್ ಬರುತ್ತಿದೆ. ಧಾರಾಳವಾಗಿ 'ಕಾಯೆನ್' ಅಂತ ಬರೆಯಿರಿ.

ತುಮಕೂರಿನಿಂದ

ಇಲ್ಲ. ಸದ್ದು ಹೋಲಿದರೆ ಬೇರು ಒಂದೇ ಆಗುವುದಿಲ್ಲ.

ಕೋಲಾರದಿಂದ

ಬಂಗಾರಪೇಟೆಯವರೇ, ಮ್ಯಾಂಗೊ ಮಾತು ಸರಿ, ಕಾಯೆನ್ ಮಾತು ತಪ್ಪು. ಅದರ ಬೇರು ಬ್ರೆಜಿಲ್ ಕಡೆಯ ತುಪಿ ಭಾಷೆಯಲ್ಲಿದೆ. ಅಲ್ಲಿ ಮೆಣಸಿನಕಾಯಿಗೇ ಇದ್ದ ಪದ. ಆಮೇಲೆ ಅದು ಫ್ರೆಂಚ್ ಗಯಾನಾದ ರಾಜಧಾನಿ ಕಾಯೆನ್ ಹೆಸರಿನ ಜೊತೆ ಬೆರೆತುಹೋಯಿತು.

ತುಮಕೂರಿನ ಸಾರ್, ನೀವು ಆಕಾರದ ಹೆಸರುಗಳನ್ನೇ ಹೇಳಿದಿರಿ. ಊರಿನ ಹೆಸರಿಂದ ಕರೆಯುವುದೂ ನಮ್ಮ ರೂಢಿಯೇ, ಅಲ್ವಾ? ಬ್ಯಾಡಗಿ, ಗುಂಟೂರು ಅಂತ ಅಂಗಡಿಯಲ್ಲಿ ಕೇಳುವುದಿಲ್ಲವೇ? ಕೇಯೆನ್ ಆ ಸಾಲಿಗೆ ಸೇರಲಿ. ಹೊರಗಿನ ಪದ ಅನ್ನುವುದಾದರೆ ಟೊಮೇಟೊ ಎಲ್ಲಿಂದ ಬಂತು? ಮೆಕ್ಸಿಕೊದ ನಹುವಾಟ್ಲ್ ಭಾಷೆಯಿಂದ. ನಮ್ಮ ಮಂಡಿಯಲ್ಲಿ ದಿನಾ ಬಾಕ್ಸ್‌ಗಟ್ಟಲೆ ಹರಾಜಾಗುತ್ತದೆ. ಆ ಪದದಿಂದ ಕನ್ನಡ ಕೆಟ್ಟಿದ್ದನ್ನು ನಾನು ಕಂಡಿಲ್ಲ.

ಗೊಜ್ಜು ಖಂಡಿತ ಬೇಡ. ಗೊಜ್ಜು ಅಂದರೆ ಹುಣಸೆಹಣ್ಣು, ಬೆಲ್ಲ ಬಿದ್ದದ್ದು, ಅನ್ನಕ್ಕೆ ಕಲಸಿಕೊಳ್ಳುವುದು. ಹೆಸರು ನಂಬಿ ಯಾರಾದರೂ ಒಂದು ಸೌಟು ಬಡಿಸಿಕೊಂಡರೆ ಗತಿ ಏನು?

ಖಾರದ ವಿಷಯ. ಕ್ಷಾರದಿಂದ ಬಂದಿದ್ದು ನಿಜ. ಆದರೆ ಸಂಸ್ಕೃತದಲ್ಲಿ ಕ್ಷಾರ ಅಂದರೆ ಬೂದಿಯ ಚೌಳು, ಸುಡುವ ಉಪ್ಪು. ನಾಲಿಗೆ ಉರಿಯುವ ರುಚಿಗೆ ಅವರ ಪದ ಕಟು. ಮೆಣಸಿನಕಾಯಿಯ ಉರಿಗೆ ಖಾರ ಅಂದವರು ನಾವು.

ಪುಡಿಗೆ ಪದ ಹುಡುಕಬೇಕಾಗಿಯೇ ಇಲ್ಲ. ನಮ್ಮ ಕಡೆ ಖಾರದ ಪುಡಿ ಅಂದರೆ ಎಷ್ಟೋ ಮನೆಗಳಲ್ಲಿ ಧನಿಯ ಬೆರೆಸಿದ ಸಾರಿನ ಪುಡಿ. ಏನೂ ಬೆರೆಸದೆ ಬರೀ ಮೆಣಸಿನಕಾಯಿ ಕುಟ್ಟಿದರೆ ಅಚ್ಚಖಾರದ ಪುಡಿ. ಅಮೆರಿಕದಲ್ಲೂ ಇದೇ ವ್ಯತ್ಯಾಸ ಇದೆ. ಅಲ್ಲಿ ಚಿಲಿ ಪೌಡರ್ ಅಂದರೆ ಸಾಮಾನ್ಯವಾಗಿ ಜೀರಿಗೆ, ಬೆಳ್ಳುಳ್ಳಿ ಸೇರಿದ ಮಸಾಲೆ. ಕೇಯೆನ್ ಪೌಡರ್ ಅಂದರೆ ಬರೀ ಮೆಣಸಿನಕಾಯಿ. ನಮ್ಮ 'ಅಚ್ಚ' ಆ ಕೆಲಸವನ್ನು ಎರಡಕ್ಷರದಲ್ಲಿ ಮಾಡುತ್ತದೆ.

ತುಮಕೂರಿನಿಂದ

'ಅಚ್ಚ' ಒಳ್ಳೆಯ ಮಾತು, ಒಪ್ಪಿದೆ. 'ಅಚ್ಚಕಾರ' ಅಂತ ಬರೆಯಲಿ. ಟೊಮೇಟೊ ವಾದ ಒಪ್ಪುವುದಿಲ್ಲ. ಒಂದು ಪದ ಒಳಗೆ ಬಂತು ಅಂತ ಬಾಗಿಲೇ ಕಿತ್ತಿಡಬೇಕಾಗಿಲ್ಲ. ಮೆಣಸಿನಕಾಯಿ ಅನ್ನುವ ಪದ ಕಟ್ಟಿದವರು ನಿಘಂಟು ಓದಿದವರಲ್ಲ. ಅವರಿಗೆ ಆದದ್ದು ನಮಗೆ ಯಾಕೆ ಆಗುವುದಿಲ್ಲ?

ಚಿಂತಾಮಣಿಯಿಂದ

ಎಲ್ಲರಿಗೂ ಥ್ಯಾಂಕ್ಸ್. 'ಕೇಯೆನ್ ಅಚ್ಚಖಾರದ ಪುಡಿ', 'ಕೇಯೆನ್ ಖಾರದ ಸಾಸ್' ಅಂತ ಕಳಿಸಿದ್ದೇನೆ. ತುಮಕೂರಿನ ಸಾರ್, ಮಹಾಪ್ರಾಣ ಉಳಿಸಿಕೊಂಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಂಗಡಿಯಲ್ಲಿ ಜನ ಓದಿ ರೂಢಿಯಾಗಿರುವುದು ಅದೇ. 'ಕೊಕ್ಕೆ ಮೆಣಸಿನಕಾಯಿ' ನನಗೆ ತುಂಬಾ ಹಿಡಿಸಿತು. ನರ್ಸರಿಯ ಬೋರ್ಡಿಗೆ ಅದನ್ನೇ ಬರೆಸುತ್ತೇನೆ. ಸಸಿ ಕೊಳ್ಳುವವರು ಗಿಡದಲ್ಲಿ ಕಾಯಿ ನೋಡಿಯೇ ಕೇಳುತ್ತಾರೆ.

ಅತ್ತೆಗೆ ಹೊಸ ಲೇಬಲ್ ಓದಿಸಿದೆ. ಈ ಸಲ ಕಾಳುಮೆಣಸಿನ ಮಾತು ಬರಲಿಲ್ಲ. "ಹುಳಿಗೆ ಎಷ್ಟು ಹಾಕಬೇಕು?" ಅಂದರು.

ಇನ್ನೊಂದು ಉಳಿದಿದೆ. ಸಾಸ್ ಬಾಟಲಿಯ ಮೇಲೆ 'ಬಳಸುವ ಮೊದಲು ಕುಲುಕಿ' ಅನ್ನೋದಾ, 'ಅಲ್ಲಾಡಿಸಿ' ಅನ್ನೋದಾ? ನಾಳೆ ಸಂಜೆಯೊಳಗೆ ಹೇಳಿ.