ಲುವಾದಲ್ಲಿ ಕಾಣಿಸುವ ಫಂಕ್ಷನ್ ಹೆಸರು ಪೈಥಾನ್‌ನಲ್ಲಿ ಕಾಣಿಸುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಕೋಡ್ ಬರೆಯಲು ನಿಯೋವಿಮ್ ಎಡಿಟರ್, ಅದರಲ್ಲಿ ಟ್ರೀಸಿಟ್ಟರ್ ಕಾಂಟೆಕ್ಸ್ಟ್ ಪ್ಲಗಿನ್ ಬಳಸುತ್ತೇನೆ. ಉದ್ದನೆಯ ಫೈಲಿನಲ್ಲಿ ಕೆಳಗಿಳಿದಾಗ ಯಾವ ಕ್ಲಾಸಿನ ಯಾವ ಫಂಕ್ಷನ್ ಒಳಗಿದ್ದೇವೆ ಎಂಬುದನ್ನು ಅದು ಮೇಲ್ತುದಿಯಲ್ಲಿ ತೋರಿಸುತ್ತದೆ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಸೆಟ್ಟಿಂಗ್‌ಗಳನ್ನು ಹಾಗೆಯೇ ತಂದುಕೊಂಡೆ. ಲುವಾ ಭಾಷೆಯ ಫೈಲುಗಳಲ್ಲಿ ಎಲ್ಲವೂ ಸರಿ. ಪೈಥಾನ್ ತೆರೆದರೆ ಮೇಲೆ ಏನೂ ಇಲ್ಲ. ಬಣ್ಣಗಳೇನೋ ಎಂದಿನಂತೆ ಬರುತ್ತಿವೆ. ಸಹೋದ್ಯೋಗಿ ಬಳಸುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಅದೇ ಫೈಲಿಗೆ ಯಾವ ತೊಂದರೆಯೂ ಇಲ್ಲ.

ಉತ್ತರ: ಲುವಾದಲ್ಲಿ ಬರುತ್ತಿದೆ ಎಂದಿರಲ್ಲ, ಸುಳಿವು ಅಲ್ಲಿಯೇ ಇದೆ. ಈ ಪ್ಲಗಿನ್ ನಡೆಯುವುದು ಟ್ರೀಸಿಟ್ಟರ್‌ನ ಪಾರ್ಸರ್‌ನಿಂದ, ಅಂದರೆ ಕೋಡಿನ ರಚನೆಯನ್ನು ಓದಿ ವಿಂಗಡಿಸುವ ಭಾಗದಿಂದ; ಭಾಷೆಗೊಂದು ಬೇಕು. ಸಿ, ಲುವಾ, ಮಾರ್ಕ್‌ಡೌನ್‌ನಂಥ ಕೆಲವೇ ಭಾಷೆಗಳ ಪಾರ್ಸರ್‌ಗಳು ನಿಯೋವಿಮ್ ಜೊತೆಗೇ ಬರುತ್ತವೆ. ಪೈಥಾನ್ ಪಾರ್ಸರನ್ನು ನಾವೇ ಹಾಕಿಕೊಳ್ಳಬೇಕು. ಸೆಟ್ಟಿಂಗ್ ಫೈಲ್ ನಕಲಾಗುತ್ತದೆ, ಕಂಪೈಲ್ ಆದ ಪಾರ್ಸರ್ ಬೇರೆ ಕಡೆ ಇರುವುದರಿಂದ ಹಳೆಯ ಯಂತ್ರದಲ್ಲೇ ಉಳಿದುಬಿಡುತ್ತದೆ. ಬಣ್ಣವನ್ನು ನಂಬಬೇಡಿ. ಪಾರ್ಸರ್ ಇಲ್ಲದಿದ್ದರೂ ನಿಯೋವಿಮ್‌ನ ಮೂಲವಾದ ವಿಮ್ ಕಾಲದ ಹಳೆಯ ರೆಜೆಕ್ಸ್ (ಅಕ್ಷರಮಾದರಿ ಹುಡುಕುವ) ನಿಯಮಗಳು ಬಣ್ಣ ಹಚ್ಚುತ್ತಲೇ ಇರುತ್ತವೆ.

ಪೈಥಾನ್ ಫೈಲ್ ತೆರೆದು ‘ಇನ್‌ಸ್ಪೆಕ್ಟ್‌ಟ್ರೀ’ ಕಮಾಂಡ್ ಕೊಡಿ. ಪಾರ್ಸರ್ ಇದ್ದರೆ ಪಕ್ಕದಲ್ಲಿ ಕೋಡಿನ ವಾಕ್ಯರಚನಾ ವೃಕ್ಷ ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ದೋಷದ ಸಂದೇಶ ಬರುತ್ತದೆ. ಆಗ ‘ಟಿಎಸ್‌ಇನ್‌ಸ್ಟಾಲ್ ಪೈಥಾನ್’ ಕೊಟ್ಟು ಪಾರ್ಸರ್ ಹಾಕಿಕೊಳ್ಳಿ. ಅದೂ ವಿಫಲವಾದರೆ ಯಂತ್ರದಲ್ಲಿ ಸಿ ಕಂಪೈಲರ್ ಇದೆಯೇ ನೋಡಿ. ಟ್ರೀಸಿಟ್ಟರ್ ಪ್ಲಗಿನ್ನಿನ ಹೊಸ ಶಾಖೆಗೆ ಟ್ರೀಸಿಟ್ಟರ್‌ನ ಕಮಾಂಡ್‌ಲೈನ್ ಸಾಧನವೂ ಬೇಕು.

ಇನ್ನೊಂದು ಮಾತು. ಎಲ್ಲವೂ ಸರಿಯಿದ್ದೂ ಕೋಡ್ ಬರೆಯುವಾಗ ಮೇಲ್ತುದಿಯ ಆ ಸಾಲುಗಳು ಮಾಯವಾಗಿ ಮತ್ತೆ ಬರುವುದುಂಟು. ಎಲ್ಲೋ ಒಂದು ಆವರಣ ಮುಚ್ಚದೆ ಉಳಿದಿರುತ್ತದೆ, ವೃಕ್ಷದಲ್ಲಿ ‘ಎರರ್’ ಎಂಬ ಗಂಟು ಬೀಳುತ್ತದೆ. ಅದು ಪ್ಲಗಿನ್ನಿನ ತಪ್ಪಲ್ಲ.

ಕೇಳಿದವರು: ಕಂಪೈಲರ್ ಇರಲಿಲ್ಲ, ಹಾಕಿದೆ, ಹೆಸರುಗಳು ಬಂದವು. ಈಗ ಇನ್ನೊಂದು ಪೇಚು. ಕೆಲವು ಕಡೆ ಅರ್ಧ ಪರದೆಯನ್ನು ಅವೇ ನುಂಗುತ್ತಿವೆ.

ಮತ್ತೊಬ್ಬರು: ಮೇಲೆ ಎಷ್ಟು ಸಾಲು ತೋರಿಸಬೇಕೆಂಬ ಪ್ಲಗಿನ್ನಿನ ಸೆಟ್ಟಿಂಗ್ ‘ಮ್ಯಾಕ್ಸ್ ಲೈನ್ಸ್’ ಮೂಲತಃ 0 ಇರುತ್ತದೆ, ಅಂದರೆ ಮಿತಿಯೇ ಇಲ್ಲ. ನಾನು 4 ಇಟ್ಟುಕೊಂಡಿದ್ದೇನೆ. ಆದರೆ ಅದಷ್ಟನ್ನೇ ಬದಲಿಸಿದರೆ ಹೊಸ ಕಿರಿಕಿರಿ ಶುರುವಾಗುತ್ತದೆ: ಮಿತಿ ಮೀರಿದಾಗ ಹೊರಗಿನ ಸಾಲುಗಳು ಮೊದಲು ಬಿದ್ದುಹೋಗುತ್ತವೆ, ಕ್ಲಾಸಿನ ಹೆಸರೇ ಹೋಗಿ ಒಳಗಿನ ‘ಇಫ್’ ಮಾತ್ರ ಉಳಿಯುತ್ತದೆ. ‘ಟ್ರಿಮ್ ಸ್ಕೋಪ್’ ಅನ್ನು ‘ಇನ್ನರ್’ ಮಾಡಿದರೆ ಕ್ಲಾಸ್ ಉಳಿಯುತ್ತದೆ. ನಿಮ್ಮ ತಂಡದವರು ಫಂಕ್ಷನ್‌ನ ಒಂದೊಂದು ಆರ್ಗ್ಯುಮೆಂಟನ್ನೂ ಒಂದೊಂದು ಸಾಲಿನಲ್ಲಿ ಬರೆಯುವವರಾದರೆ ಒಂದು ಫಂಕ್ಷನ್ನಿಗೆ ಹೆಚ್ಚೆಂದರೆ ಎಷ್ಟು ಸಾಲು ತೋರಿಸಬೇಕೆಂಬ ‘ಮಲ್ಟಿಲೈನ್ ಥ್ರೆಶೋಲ್ಡ್’ ಅನ್ನು 20ರಿಂದ 1ಕ್ಕೆ ಇಳಿಸಿ. ನನ್ನ ಮಟ್ಟಿಗೆ ಹೆಚ್ಚು ಪ್ರಯೋಜನ ಸಿಕ್ಕಿದ್ದು ಇದರಿಂದಲೇ.

ಹೆಸರು ತಪ್ಪಾಗಿ ತೋರಿಸುತ್ತಿದೆ ಎಂದು ಹಲವರು ದೂರುತ್ತಾರೆ. ಮೂಲ ಸೆಟ್ಟಿಂಗ್‌ನಲ್ಲಿ ಅದು ಕರ್ಸರ್ ಇರುವ ಸಾಲಿನ ಲೆಕ್ಕ ಹಿಡಿಯುತ್ತದೆ. ಪರದೆಯ ಮೊದಲ ಸಾಲಿನದು ಬೇಕಿದ್ದರೆ ‘ಮೋಡ್’ ಅನ್ನು ‘ಟಾಪ್‌ಲೈನ್’ ಮಾಡಿ.

ಮೂರನೆಯವರು: ಸಹೋದ್ಯೋಗಿಯ ಎಡಿಟರ್ ಬಗ್ಗೆ ಯಾರೂ ಹೇಳಲಿಲ್ಲ. ಇದೇ ಕೆಲಸ ಮಾಡುವ ‘ಸ್ಟಿಕಿ ಸ್ಕ್ರೋಲ್’ ವಿಎಸ್ ಕೋಡ್‌ಗೆ ಬಂದದ್ದು 2022ರಲ್ಲಿ. ಅದು ಮೊದಲು ಔಟ್‌ಲೈನ್ (ಕ್ಲಾಸ್, ಫಂಕ್ಷನ್‌ಗಳ ಪಟ್ಟಿ) ಕೇಳುತ್ತದೆ, ಸಿಗದಿದ್ದರೆ ಕೋಡ್ ಮಡಚುವ ಗಡಿಗಳನ್ನು ನೋಡುತ್ತದೆ, ಅದೂ ಇಲ್ಲವಾದರೆ ಸಾಲುಗಳ ಇಂಡೆಂಟ್ ಅಳೆದು ಊಹಿಸುತ್ತದೆ. ಹಾಗಾಗಿ ಏನಾದರೊಂದು ಕಾಣಿಸಿಯೇ ತೀರುತ್ತದೆ. ಇಂಡೆಂಟ್ ಅಡ್ಡಾದಿಡ್ಡಿ ಇರುವ ಹಳೆಯ ಕೋಡಿನಲ್ಲಿ ಆ ಊಹೆ ಸುಳ್ಳಾಗುವುದನ್ನೂ ನೋಡಿದ್ದೇನೆ. ಅಲ್ಲಿ ಈ ಮೂರರಲ್ಲಿ ಯಾವುದನ್ನು ಬಳಸಬೇಕೆಂಬ ‘ಡೀಫಾಲ್ಟ್ ಮಾಡೆಲ್’ ಸೆಟ್ಟಿಂಗ್ ಬದಲಿಸಿ ನೋಡಬಹುದು.

ನಿಯೋವಿಮ್‌ನಲ್ಲೇ ಇರುವುದಾದರೆ, ಮೇಲೆ ಕಾಣುವ ಸಾಲಿಗೆ ನೆಗೆಯಲು ‘ಗೋ ಟು ಕಾಂಟೆಕ್ಸ್ಟ್’ ಇದೆ. ಅದಕ್ಕೊಂದು ಕೀಲಿ ಕೊಡಿ. ಪ್ಲಗಿನ್ನಿನ ಕೈಪಿಡಿ ಸೂಚಿಸುವ ಕೀಲಿಯನ್ನೇ ಡಿಫ್‌ನಲ್ಲಿ (ಎರಡು ಫೈಲುಗಳ ವ್ಯತ್ಯಾಸ ನೋಡುವಾಗ) ಹಿಂದಿನ ಬದಲಾವಣೆಗೆ ಹೋಗಲೂ ಬಳಸುತ್ತಾರೆ. ನಾನು ಬೇರೆಯದನ್ನು ಆರಿಸಿಕೊಂಡೆ.