ಗ್ರೀಸಿನಲ್ಲಿ ಒಬ್ಬರೇ ತಿರುಗಲಿರುವ ತಂದೆ: ಸಂಪರ್ಕ ತಪ್ಪಿದರೆ ಮೊದಲು ಯಾರನ್ನು ಹಿಡಿಯಬೇಕು?

ಪ್ರಶ್ನೆ: ಶಿವಮೊಗ್ಗದ ಮಗಳು

ನಮ್ಮ ತಂದೆಯವರಿಗೆ 69 ವರ್ಷ. ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಬರುವ ಜೂನ್ ತಿಂಗಳಲ್ಲಿ ಅಥೆನ್ಸ್ ಮತ್ತು ಡೆಲ್ಫಿ ನೋಡಿಕೊಂಡು, ಅಲ್ಲಿಂದ ನಕ್ಸೋಸ್, ರೋಡ್ಸ್ ದ್ವೀಪಗಳಿಗೆ ಹೋಗಿ, ರೋಡ್ಸಿನಿಂದ ದೋಣಿಯಲ್ಲಿ ಸಿಮಿ ಎಂಬ ಸಣ್ಣ ದ್ವೀಪಕ್ಕೂ ಹೋಗಿಬರುವ ಯೋಜನೆ ಹಾಕಿಕೊಂಡಿದ್ದಾರೆ. ಅಮ್ಮನಿಗೆ ಮಂಡಿನೋವು ಇರುವುದರಿಂದ ಒಬ್ಬರೇ ಹೊರಟಿದ್ದಾರೆ. ಪ್ಯಾಕೇಜ್ ಟೂರಿನ ಮಾತೆತ್ತಿದರೆ, ಬಸ್ಸಿನ ಕಿಟಕಿಯಿಂದ ಕಂಬ ಎಣಿಸುವುದಕ್ಕೆ ಅಷ್ಟು ದೂರ ಹೋಗಬೇಕೇ ಎಂದು ನಮ್ಮ ಬಾಯಿ ಮುಚ್ಚಿಸುತ್ತಾರೆ.

ಅವರು ಗಟ್ಟಿಗರು, ಇಂದಿಗೂ ಕೊಡಚಾದ್ರಿ ಹತ್ತುತ್ತಾರೆ. ಸಕ್ಕರೆ ಕಾಯಿಲೆ ಮತ್ತು ಬಿಪಿ ಎರಡೂ ಇವೆ, ಎರಡಕ್ಕೂ ಮಾತ್ರೆ ನಡೆಯುತ್ತಿದೆ. ನನ್ನ ಭಯಕ್ಕೆ ಕಾರಣ ಸಿಮಿ ಎಂಬ ಹೆಸರು. ಬ್ರಿಟನ್ನಿನ ವೈದ್ಯ ಹಾಗೂ ಟಿವಿ ನಿರೂಪಕ ಮೈಕಲ್ ಮೋಸ್ಲಿ 2024ರಲ್ಲಿ ನಾಪತ್ತೆಯಾಗಿ ತೀರಿಕೊಂಡದ್ದು ಅದೇ ದ್ವೀಪದಲ್ಲಿ. ಆರೋಗ್ಯದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ 67 ವರ್ಷದ ವೈದ್ಯರಿಗೇ ಹಾಗಾಯಿತೆಂದರೆ, ಭಾಷೆ ಬಾರದ ನಮ್ಮಪ್ಪನ ಗತಿಯೇನು ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ಹೋಗಬೇಡಿ ಎಂದು ಹೇಳುವ ಉದ್ದೇಶ ನನಗಿಲ್ಲ. ಒಂದು ವೇಳೆ ಅವರು ಫೋನಿಗೆ ಸಿಗದೆ ಹೋದರೆ ಶಿವಮೊಗ್ಗದಲ್ಲಿ ಕೂತು ನಾನು ಮೊದಲು ಏನು ಮಾಡಬೇಕು, ಎಷ್ಟು ಹೊತ್ತು ಕಾದು ಮಾಡಬೇಕು, ಅವರು ಹೊರಡುವ ಮುನ್ನ ಏನನ್ನು ಸಿದ್ಧ ಮಾಡಿಟ್ಟುಕೊಳ್ಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಲೊಕೇಶನ್ ಹಂಚಿಕೊಳ್ಳಿ ಎಂದರೆ, ನಾನೇನು ನಿನ್ನ ಪಾರ್ಸೆಲ್ಲೇ ಎಂದು ಕೇಳುತ್ತಾರೆ.

ಉತ್ತರ: ಪಿರೇಯಸ್‌ನಿಂದ ಒಬ್ಬ ಕುಂದಾಪುರದವ

ನಾನು ಹಡಗಿನ ಕೆಲಸದ ನಿಮಿತ್ತ ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿದ್ದೇನೆ, ರಜೆಯಲ್ಲಿ ದ್ವೀಪಗಳಲ್ಲಿ ನಡೆಯುವ ಅಭ್ಯಾಸವಿದೆ. ನೀವು ಹೆಸರಿಸಿದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

2024ರ ಜೂನ್ 5ರಂದು ಮೋಸ್ಲಿ ಆಗಿಯೋಸ್ ನಿಕೊಲಾವೋಸ್ ಎಂಬ ಕಡಲತೀರದಿಂದ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಒಬ್ಬರೇ ಕಾಲ್ನಡಿಗೆಯಲ್ಲಿ ಹೊರಟರು. ಮೊಬೈಲು ತಂಗಿದ್ದ ಮನೆಯಲ್ಲಿಯೇ ಉಳಿದಿತ್ತು. ಅಂದು ತಾಪಮಾನ 40 ಡಿಗ್ರಿಯ ಆಸುಪಾಸಿನಲ್ಲಿತ್ತು. ಶೋಧಕರು ಮೊದಲು ಆ ತೀರಕ್ಕೂ ಪೆಡಿ ಎಂಬ ಸಣ್ಣ ಊರಿಗೂ ನಡುವಿನ ಕಾಲುದಾರಿಯನ್ನು ಜಾಲಾಡಿದರು. ಬಳಿಕ ಸಿಕ್ಕಿದ ಸಿಸಿಟಿವಿ ದೃಶ್ಯಗಳಲ್ಲಿ ಅವರು ಕೊಡೆ ಹಿಡಿದು ಪೆಡಿಯನ್ನೂ ದಾಟಿ ಹೋಗಿರುವುದು ಕಂಡಿತು. ಪೆಡಿಯಿಂದ ಸಿಮಿ ಪಟ್ಟಣಕ್ಕೆ ನೇರ ರಸ್ತೆಯಿದೆ, ಅವರು ಮಾತ್ರ ಆಗಿಯಾ ಮರೀನಾ ಕಡೆಯ ಕಲ್ಲುಗುಡ್ಡವನ್ನು ಹಿಡಿದಿದ್ದರು. ಜೂನ್ 9ರಂದು, ಆಗಿಯಾ ಮರೀನಾ ತೀರದ ಬಾರಿನ ಬೇಲಿಯ ಪಕ್ಕದಲ್ಲಿ, ಜನ ಈಜಾಡುತ್ತಿದ್ದ ಜಾಗಕ್ಕೆ ಕೂಗಳತೆಯ ದೂರದಲ್ಲಿ, ಅವರ ಶವ ಸಿಕ್ಕಿತು. ಅದನ್ನು ಕಂಡದ್ದು ಹೆಲಿಕಾಪ್ಟರಿನವರಲ್ಲ, ಡ್ರೋನಿನವರೂ ಅಲ್ಲ. ದೋಣಿಯಲ್ಲಿ ಹೋಗುತ್ತಿದ್ದ ಸ್ಥಳೀಯ ಮೇಯರ್ ಮತ್ತು ಅವರ ಜೊತೆಗಿದ್ದ ಪತ್ರಕರ್ತರು. ಗುಡ್ಡ ಇಳಿದು ಇನ್ನೇನು ನೆರಳು ತಲುಪಬೇಕು ಎನ್ನುವಲ್ಲಿ ಬಿದ್ದಿದ್ದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಅವರು ನಡೆದದ್ದು ಒಬ್ಬರೇ ಆದರೂ ಪ್ರವಾಸಕ್ಕೆ ಒಬ್ಬರೇ ಬಂದಿರಲಿಲ್ಲ, ಪತ್ನಿ ಜೊತೆಗಿದ್ದರು. ಆದ್ದರಿಂದ ಅದೇ ದಿನ ಸುದ್ದಿ ಹೊರಬಿತ್ತು. ನಿಮ್ಮ ತಂದೆಯವರಿಗೆ ರಾತ್ರಿ ಊಟದ ಹೊತ್ತಿಗೆ ಕಾಯುವವರು ಆ ದ್ವೀಪದಲ್ಲಿ ಯಾರೂ ಇರುವುದಿಲ್ಲ. ಒಂಟಿ ಪ್ರಯಾಣಿಕರ ವಿಷಯದಲ್ಲಿ ನನಗೆ ಅತಿ ದೊಡ್ಡ ಅಪಾಯವಾಗಿ ಕಾಣುವುದು ಇದೇ: ಬಿದ್ದವರು ಬಿದ್ದಿದ್ದಾರೆ ಎಂಬುದೇ ಯಾರಿಗೂ ತಿಳಿಯದೆ ಒಂದೆರಡು ದಿನ ಕಳೆದುಹೋಗುವುದು. ಹಾಗಾಗಿ ಕಾಯುವ ಒಬ್ಬರನ್ನು ಮೊದಲೇ ಗೊತ್ತು ಮಾಡಬೇಕು. ದ್ವೀಪಗಳಲ್ಲಿ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುವ ಕುಟುಂಬಗಳು ಬಹಳ ಇವೆ. ದೊಡ್ಡ ಹೋಟೆಲಿಗಿಂತ ಅಂಥ ಮನೆಯಲ್ಲಿ ಉಳಿಯುವುದು ಲೇಸು, ಏಕೆಂದರೆ ಬೆಳಿಗ್ಗೆ ಹೊರಟವರು ರಾತ್ರಿಯಾದರೂ ಬರಲಿಲ್ಲ ಎಂಬುದು ಆ ಮನೆಯ ಯಜಮಾನಿಗೆ ತಾನಾಗಿ ತಿಳಿಯುತ್ತದೆ. ಹೊರಡುವಾಗ ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ವಾಪಸು ಎಂದು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಲಿ. ನಡುವೆ ಮನಸ್ಸು ಬದಲಾಯಿಸಿ ಬೇರೆ ದಾರಿ ಹಿಡಿದರೆ ಆ ಮನೆಗೇ ಒಂದು ಫೋನ್ ಮಾಡಲಿ.

ಇನ್ನೊಂದು ಮಾತು. ಇಲ್ಲಿ ಬೇಸಿಗೆಯ ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳು ಮುಚ್ಚಿ ಊರೇ ಮಲಗಿರುತ್ತದೆ. ನಮ್ಮ ಮಲೆನಾಡಿನ ಕಾಡುದಾರಿಯಂತೆ ಇಲ್ಲಿ ಮರದ ನೆರಳಿಲ್ಲ. ಬಿಳಿ ಕಲ್ಲು, ಮುಳ್ಳುಕುರುಚಲು, ಕೆಳಗೆ ಸಮುದ್ರ, ಅಷ್ಟೇ. ನಕ್ಸೋಸಿನ ಜಾಸ್ ಬೆಟ್ಟ ಸುಮಾರು ಸಾವಿರ ಮೀಟರ್ ಎತ್ತರದ್ದು, ಕೊಡಚಾದ್ರಿಗಿಂತ ಕಡಿಮೆಯೇ. ಆದರೆ ಕೊಡಚಾದ್ರಿ ಹತ್ತಿದ ಧೈರ್ಯದಲ್ಲಿ ಜೂನ್ ಮಧ್ಯಾಹ್ನ ಅದನ್ನು ಹತ್ತಬಾರದು. ಬೆಳಗಿನ ಜಾವ ಹೊರಟು ಹನ್ನೊಂದಕ್ಕೆಲ್ಲ ಇಳಿದುಬಿಡಬೇಕು.

ಉತ್ತರ: ನಿವೃತ್ತ ಕಾನ್ಸುಲರ್ ಸಿಬ್ಬಂದಿ

ಎರಡು ದೇಶಗಳಲ್ಲಿ ನಮ್ಮ ರಾಯಭಾರ ಕಚೇರಿಗಳಲ್ಲಿ ನಮ್ಮ ನಾಗರಿಕರಿಗೆ ನೆರವಾಗುವ ಕಾನ್ಸುಲರ್ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಕಚೇರಿಯ ಕಡೆಯ ಮಾತನ್ನು ಹೇಳುತ್ತೇನೆ. ಕುಟುಂಬದವರು ಸಾಮಾನ್ಯವಾಗಿ ರಾಯಭಾರ ಕಚೇರಿಯವರೇ ಹೋಗಿ ಹುಡುಕುತ್ತಾರೆಂದು ಭಾವಿಸಿರುತ್ತಾರೆ. ಹುಡುಕುವ ಅಧಿಕಾರ ಆಯಾ ದೇಶದ ಪೊಲೀಸರದು. ಗ್ರೀಸಿನಲ್ಲಿ ಗುಡ್ಡದ ಶೋಧಕ್ಕೆ ಅಗ್ನಿಶಾಮಕ ದಳ, ಸಮುದ್ರದ ಶೋಧಕ್ಕೆ ಕರಾವಳಿ ಕಾವಲು ಪಡೆ ಇಳಿಯುತ್ತವೆ. ನಮ್ಮ ಕಚೇರಿ ಮಾಡುವುದೇನೆಂದರೆ, ದೂರು ಸರಿಯಾದ ಠಾಣೆ ತಲುಪಿದೆಯೇ ಎಂದು ನೋಡುವುದು, ಆಸ್ಪತ್ರೆ ಮತ್ತು ಬಂಧನಗೃಹಗಳಲ್ಲಿ ವಿಚಾರಿಸುವುದು, ಭಾಷೆಯ ತೊಡಕು ಬಿಡಿಸುವುದು, ಕುಟುಂಬಕ್ಕೆ ಸುದ್ದಿ ಮುಟ್ಟಿಸುವುದು. ಮನೆಯವರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ ರೋಗಿಯ ಗೋಪ್ಯತೆಯ ಕಾರಣ ಹೇಳಿ ಉತ್ತರ ಕೊಡದಿರಬಹುದು, ಕಾನ್ಸುಲರ್ ಅಧಿಕಾರಿ ಕೇಳಿದಾಗ ಉತ್ತರ ಸಿಗುವ ಸಂಭವ ಹೆಚ್ಚು. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ ಪ್ರಕಾರ ವಿದೇಶಿಯನ್ನು ಬಂಧಿಸಿದಾಗ, ಆತ ಕೋರಿದರೆ, ಅವನ ದೇಶದ ಕಚೇರಿಗೆ ತಡಮಾಡದೆ ತಿಳಿಸಬೇಕು; ಮರಣ ಸಂಭವಿಸಿದರೂ ತಿಳಿಸಬೇಕು. ಆದರೆ ಪ್ರಜ್ಞೆಯಿಲ್ಲದೆ, ಗುರುತಿನ ಚೀಟಿಯೂ ಇಲ್ಲದೆ ಆಸ್ಪತ್ರೆ ಸೇರಿದವರು ಯಾವ ದೇಶದವರೆಂದೇ ತಿಳಿಯದಿದ್ದಾಗ ಯಾರು ಯಾರಿಗೆ ತಿಳಿಸಬೇಕು? ಆದ್ದರಿಂದ ಪಾಸ್‌ಪೋರ್ಟಿನ ಮೂಲಪ್ರತಿ ಕೋಣೆಯಲ್ಲಿದ್ದರೂ ಅದರ ನಕಲು ಪ್ರತಿ ಜೇಬಿನಲ್ಲಿ ಇರಲೇಬೇಕು, ಅದರ ಹಿಂಬದಿಯಲ್ಲಿ ನಿಮ್ಮ ನಂಬರನ್ನು +91 ಸಹಿತ ಬರೆದಿರಬೇಕು.

ಎಷ್ಟು ಹೊತ್ತು ಕಾಯಬೇಕೆಂದು ಕೇಳಿದ್ದೀರಿ. ಇಪ್ಪತ್ತನಾಲ್ಕು ಗಂಟೆ ಕಳೆಯದೆ ದೂರು ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಸಿನಿಮಾದಿಂದ ಬಂದ ನಂಬಿಕೆ, ಅದನ್ನು ನಂಬಿ ಕಾಯಬೇಡಿ. ವಯಸ್ಸಾದವರು, ಕಾಯಿಲೆಯಿರುವವರು, ಬಿಸಿಲುಗಾಲ ಎಂಬ ಮೂರು ಮಾತನ್ನು ಮೊದಲ ವಾಕ್ಯದಲ್ಲಿಯೇ ಹೇಳಿ. ಗ್ರೀಸಿನಲ್ಲಿ ಕಾಣೆಯಾದ ಹಿರಿಯರಿಗಾಗಿ ಸಿಲ್ವರ್ ಅಲರ್ಟ್ ಎಂಬ ಪ್ರಕಟಣೆಯ ವ್ಯವಸ್ಥೆಯೂ ಇದೆ.

ಮೊದಲ ಫೋನು ತಂಗಿರುವ ಮನೆಗೆ ಹೋಗಲಿ. ಕೋಣೆಯ ಬಾಗಿಲು ತೆರೆಸಿ, ಪಾಸ್‌ಪೋರ್ಟ್ ಇದೆಯೇ, ಮಾತ್ರೆಗಳ ಡಬ್ಬಿ ಇದೆಯೇ, ಮೊಬೈಲ್ ಚಾರ್ಜರ್ ಇದೆಯೇ, ನಡಿಗೆಯ ಬೂಟು ಇದೆಯೇ ಎಂದು ನೋಡಲು ಹೇಳಿ. ಚಪ್ಪಲಿ ಕಾಣುತ್ತಿಲ್ಲ, ಬೂಟು ಇದೆ ಎಂದಾದರೆ ಅವರು ಗುಡ್ಡಕ್ಕೆ ಹೋಗಿರುವ ಸಾಧ್ಯತೆ ಕಡಿಮೆಯಾಗಿ, ಹುಡುಕುವ ಜಾಗವೇ ಬದಲಾಗುತ್ತದೆ. ಎರಡನೆಯ ಫೋನು ಆ ದ್ವೀಪದ ಪೊಲೀಸ್ ಠಾಣೆಗೆ, ಮೂರನೆಯದು ಅಥೆನ್ಸಿನ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರಿಗೆ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿಯೂ ದೂರು ದಾಖಲಿಸಿ. 2015ರಲ್ಲಿ ಆರಂಭವಾದ ವ್ಯವಸ್ಥೆ ಅದು, ಅಲ್ಲಿ ದಾಖಲಾದ ದೂರು ಯಾವ ಹಂತದಲ್ಲಿದೆ ಎಂಬುದನ್ನು ನೀವೇ ನೋಡಬಹುದು. ಬಹಳ ಜನರಿಗೆ ಹೊಳೆಯದ ಒಂದು ವಿಷಯವಿದೆ: ಯುರೋಪಿನ ತುರ್ತು ಸಂಖ್ಯೆಯೂ 112, ನಮ್ಮದೂ 112. ಶಿವಮೊಗ್ಗದಿಂದ ನೀವು ಅದನ್ನು ಒತ್ತಿದರೆ ನಮ್ಮ ಕಂಟ್ರೋಲ್ ರೂಮೇ ಎತ್ತುತ್ತದೆ. ಆದ್ದರಿಂದ ಪ್ರತಿ ಊರಿನ ಠಾಣೆಯ ನಂಬರನ್ನು ಗ್ರೀಸಿನ ಕೋಡ್ +30 ಸಹಿತ ಈಗಲೇ ಬರೆದಿಟ್ಟುಕೊಳ್ಳಿ. ದಿನಗಳು ಕಳೆದರೂ ಸುಳಿವು ಸಿಗದಿದ್ದಾಗ ಇಂಟರ್‌ಪೋಲಿನ ಯೆಲ್ಲೊ ನೋಟಿಸಿನ, ಅಂದರೆ ಕಾಣೆಯಾದವರನ್ನು ಹುಡುಕಲು ಬೇರೆ ಬೇರೆ ದೇಶಗಳ ಪೊಲೀಸರಿಗೆ ಹೋಗುವ ಸೂಚನೆಯ, ಮಾತು ಬರುತ್ತದೆ. ಅದನ್ನು ಕುಟುಂಬದವರು ನೇರವಾಗಿ ಕೇಳಲಾಗದು, ನಮ್ಮಲ್ಲಿ ಸಿಬಿಐ ಮೂಲಕ ಹೋಗಬೇಕು, ಅದಕ್ಕೆ ಊರಿನ ಠಾಣೆಯಲ್ಲಿಯೂ ಒಂದು ದೂರು ಇರುವುದು ಅನುಕೂಲ.

ಉತ್ತರ: ವೈದ್ಯೆ, ಹುಬ್ಬಳ್ಳಿ

ದಾರಿ ತಪ್ಪುವುದಕ್ಕೆ ಮರೆವಿನ ಕಾಯಿಲೆಯೇ ಇರಬೇಕೆಂದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ, ಬೆವರುವುದೂ ಕಡಿಮೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿದ್ದರೆ ನೀರಿನ ಜೊತೆಗೆ ಸೋಡಿಯಂ ಕೂಡ ಇಳಿಯುತ್ತದೆ. ಸೋಡಿಯಂ ಇಳಿದ ಹಿರಿಯರು ಮೊದಲು ಮಾಡುವುದೇ ಅಸಂಬದ್ಧ ಮಾತು ಮತ್ತು ತಪ್ಪು ತಿರುವು. ಸಕ್ಕರೆ ಕಾಯಿಲೆಯ ಕೆಲವು ಹೊಸ ಮಾತ್ರೆಗಳೂ ನೀರನ್ನು ಹೊರಹಾಕುತ್ತವೆ. ಇನ್ನು ಕೆಲವು ಮಾತ್ರೆ ತಿಂದು ಊಟ ತಡವಾದರೆ ಸಕ್ಕರೆ ಕುಸಿದು ಮಂಕು ಕವಿಯುತ್ತದೆ. ಗ್ರೀಸಿನ ಊಟದ ಹೊತ್ತು ನಮ್ಮದಕ್ಕಿಂತ ಬಹಳ ತಡ ಎಂಬುದನ್ನು ನಿಮ್ಮ ತಂದೆಯವರಿಗೆ ತಿಳಿಸಿ. ದೇಹದ ತಾಪ 40 ಡಿಗ್ರಿ ಮುಟ್ಟಿ ಗೊಂದಲ ಶುರುವಾಯಿತೆಂದರೆ ಅದು ಬಿಸಿಲಾಘಾತ, ಆ ಹಂತದಲ್ಲಿ ಮನುಷ್ಯನಿಗೆ ತನಗೆ ಸಹಾಯ ಬೇಕೆಂಬುದೂ ತಿಳಿಯುವುದಿಲ್ಲ. ಮೋಸ್ಲಿ ಅವರ ಸಾವಿಗೆ ಇದೇ ಕಾರಣವೆಂದು ಬ್ರಿಟನ್ನಿನ ತನಿಖಾಧಿಕಾರಿ ಖಚಿತವಾಗಿ ಹೇಳಲಿಲ್ಲ. ಬಿಸಿಲಾಘಾತ ಅಥವಾ ಪತ್ತೆಯಾಗದ ಬೇರೊಂದು ದೈಹಿಕ ಕಾರಣ ಇದ್ದಿರಬಹುದು ಎಂದಷ್ಟೇ ಹೇಳಿದರು.

ಐವತ್ತು ದಾಟಿದ ಆರೋಗ್ಯವಂತರಲ್ಲಿಯೂ ಅಪರೂಪಕ್ಕೆ ಕಾಣುವ ಒಂದು ಸ್ಥಿತಿಯಿದೆ. ಕೆಲವು ಗಂಟೆಗಳ ಕಾಲ ಹೊಸ ನೆನಪು ಮೂಡುವುದೇ ನಿಂತುಹೋಗುತ್ತದೆ. ವ್ಯಕ್ತಿ ಮಾತನಾಡುತ್ತಾರೆ, ನಡೆಯುತ್ತಾರೆ, ತಮ್ಮ ಹೆಸರು ಹೇಳುತ್ತಾರೆ; ಆದರೆ ಇಲ್ಲಿಗೆ ಹೇಗೆ ಬಂದೆ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತದೆ. ಫೋನಿನಲ್ಲಿ ತಂದೆಯವರು ಹೀಗೆ ಕೇಳಿದ್ದನ್ನೇ ಕೇಳತೊಡಗಿದರೆ, ಸಂಪರ್ಕದಲ್ಲಿದ್ದಾರೆಂದು ಸಮಾಧಾನ ಪಡದೆ, ನಿಂತಲ್ಲಿಯೇ ಕೂರಲು ಹೇಳಿ, ಪಕ್ಕದಲ್ಲಿರುವ ಯಾರಿಗಾದರೂ ಫೋನ್ ಕೊಡಲು ಹೇಳಿ. ಹೊರಡುವ ಮುನ್ನ ಮಾತ್ರೆಗಳನ್ನು ಅವರ ವೈದ್ಯರೊಬ್ಬರು ಬೇಸಿಗೆಯ ನಡಿಗೆಯನ್ನು ಗಮನದಲ್ಲಿಟ್ಟು ನೋಡಲಿ, ಸೋಡಿಯಂ ಪರೀಕ್ಷೆಯೂ ಆಗಲಿ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ.

ಉತ್ತರ: ಮೈಸೂರಿನ ಒಬ್ಬ ತಿರುಗಾಡಿ, 72

ಮೇಲಿನ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಆದರೆ ಅಪ್ಪನ ಕಡೆಯ ವಕಾಲತ್ತನ್ನೂ ಯಾರಾದರೂ ಮಾಡಬೇಕಲ್ಲ. ಗಂಡ ತೀರಿಕೊಂಡ ಮೇಲೆ ನಾನು ಒಬ್ಬಳೇ ತಿರುಗುತ್ತೇನೆ. ಮಗ ಕೇಳಿದ ಮೊದಲ ದಿನವೇ ಲೊಕೇಶನ್ ಹಂಚಿದ್ದರೆ, ನಾನು ಒಂದು ಕಾಫಿ ಕುಡಿಯಲು ಕೂತ ಕಡೆಯಲ್ಲೆಲ್ಲ ಫೋನು ಬರುತ್ತಿತ್ತು. ಕೊನೆಗೆ ನಾವಿಬ್ಬರೂ ಒಪ್ಪಿದ್ದು ಹೀಗೆ: ಊರು ಬದಲಾಯಿಸುವ ದಿನ ಮತ್ತು ಗುಡ್ಡಕ್ಕೋ ಕಾಡಿಗೋ ಹೋಗುವ ದಿನ ಮಾತ್ರ ಲೊಕೇಶನ್ ತೆರೆದಿರುತ್ತದೆ, ಉಳಿದ ದಿನ ರಾತ್ರಿ ಒಂದು ಮೆಸೇಜು. ಅದು ಬಾರದಿದ್ದರೆ ಒಂದು ಗಂಟೆ ಬಿಟ್ಟು ಅವನು ಫೋನ್ ಮಾಡುತ್ತಾನೆ, ನಾನು ಎತ್ತದಿದ್ದರೆ ಹೋಟೆಲಿಗೆ ಮಾಡುತ್ತಾನೆ. ಇದರಲ್ಲಿ ಅವನು ಗಾಬರಿಪಡುವ ಹಾಗಿಲ್ಲ, ನಾನು ಬೇಸರಪಡುವ ಹಾಗಿಲ್ಲ, ಎಲ್ಲವೂ ಮೊದಲೇ ಮಾತಾಡಿಕೊಂಡದ್ದು. ಬೇಸಿಗೆಯಲ್ಲಿ ಗ್ರೀಸಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಮೆಸೇಜ್ ಎಂದರೆ ನಿಮ್ಮಲ್ಲಿ ಹತ್ತೂವರೆ, ನೀವು ಎದ್ದಿರುವ ಹೊತ್ತೇ ಆಯಿತು.

ತಂದೆಯವರಿಗೆ ಪಾರ್ಸೆಲ್ ಎನಿಸದ ಹಾಗೆ ಕೇಳುವ ಉಪಾಯವೆಂದರೆ, ಇತಿಹಾಸದ ಮೇಷ್ಟರಲ್ಲವೇ, ದಿನಕ್ಕೊಂದು ಫೋಟೋ ಮತ್ತು ನಾಲ್ಕು ಸಾಲು ಬರೆದು ಕಳಿಸಿ, ಅಮ್ಮನಿಗೆ ಓದಿ ಹೇಳುತ್ತೇನೆ ಎನ್ನಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಪ್ಪನಿಗೆ ಈ ಉತ್ತರಗಳನ್ನು ಓದಿಸಿದೆ. ಚೀಟಿಗೂ, ರಾತ್ರಿ ಎಂಟರ ಮೆಸೇಜಿಗೂ ಒಪ್ಪಿದ್ದಾರೆ. ಸಿಮಿಯಲ್ಲಿ ಮಧ್ಯಾಹ್ನ ನಡೆಯುವುದಿಲ್ಲ, ದೋಣಿಯಲ್ಲಿ ಬಂದು ದೋಣಿಯಲ್ಲಿಯೇ ಹೋಗುತ್ತೇನೆ ಎಂದಿದ್ದಾರೆ. ವೀಸಾಕ್ಕಾಗಿ 30,000 ಯೂರೋ ವಿಮೆ ಮಾಡಿಸುತ್ತಿದ್ದೇವೆ, ಅದರಲ್ಲಿ ಶೋಧದ ಖರ್ಚು ಸೇರುತ್ತದೆಯೇ? ಮತ್ತು ಅಂಥ ಸಂದರ್ಭ ಬಂದರೆ ಫೇಸ್‌ಬುಕ್ಕಿನಲ್ಲಿ ಹಾಕುವುದು ಸರಿಯೇ?

ಉತ್ತರ: ನಿವೃತ್ತ ಕಾನ್ಸುಲರ್ ಸಿಬ್ಬಂದಿ

ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಕೇಳುವ ಆ ಕನಿಷ್ಠ ಮೊತ್ತ ಚಿಕಿತ್ಸೆಗೆ ಮತ್ತು ಊರಿಗೆ ಕರೆತರುವುದಕ್ಕೆ ಸಂಬಂಧಿಸಿದ್ದು. ಶೋಧ ಮತ್ತು ರಕ್ಷಣೆಯ ಖರ್ಚು ಸೇರಿದೆಯೇ ಎಂಬುದನ್ನು ಪಾಲಿಸಿಯ ಸಣ್ಣಕ್ಷರದಲ್ಲಿ ಓದಿ. ಮೊದಲೇ ಇದ್ದ ಕಾಯಿಲೆಗಳನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಅದಕ್ಕಿಂತ ಮೊದಲು ಓದಿ. ಬಿಪಿಯನ್ನೂ ಸಕ್ಕರೆಯನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಫೇಸ್‌ಬುಕ್ಕಿನಲ್ಲಿ ಹಾಕುವುದರಿಂದ ಉಪಯೋಗವಾಗುವುದುಂಟು, ಆ ದ್ವೀಪದ ಸ್ಥಳೀಯ ಗುಂಪುಗಳಲ್ಲಿ ಹಾಕಿದರೆ ಇನ್ನೂ ಹೆಚ್ಚು. ಆದರೆ ಪೊಲೀಸರಿಗೆ ತಿಳಿಸಿದ ಮೇಲೆ ಹಾಕಿ. ಮದುವೆಯಲ್ಲಿ ತೆಗೆಸಿದ ಪೇಟದ ಫೋಟೋ ಬೇಡ. ಅದೇ ಪ್ರವಾಸದಲ್ಲಿ ಕಳಿಸಿದ, ಅದೇ ಟೋಪಿ, ಅದೇ ಕನ್ನಡಕ, ಅದೇ ಚೀಲ ಕಾಣುವ ಫೋಟೋ ಬೇಕು. ಮೈಸೂರಿನ ತಾಯಿಯವರು ಹೇಳಿದ ದಿನಕ್ಕೊಂದು ಫೋಟೋ ಈ ಕೆಲಸಕ್ಕೂ ಒದಗುತ್ತದೆ. ಪಾಸ್‌ಪೋರ್ಟ್ ನಂಬರು, ಮನೆಯ ವಿಳಾಸ, ನಿಮ್ಮ ಸ್ವಂತ ಮೊಬೈಲ್ ನಂಬರು ಹಾಕಬೇಡಿ. ಠಾಣೆಯ ನಂಬರನ್ನು ಕೊಡಿ. ಕಾಣೆಯಾದವರ ಕುಟುಂಬಕ್ಕೆ ಫೋನ್ ಮಾಡಿ, ನಿಮ್ಮವರು ನಮ್ಮ ಆಸ್ಪತ್ರೆಯಲ್ಲಿದ್ದಾರೆ, ಮೊದಲು ಹಣ ಕಳಿಸಿ ಎನ್ನುವ ವಂಚಕರು ಇದ್ದಾರೆ. ಅಂಥ ಫೋನು ಬಂದರೆ ತಂದೆಯವರ ಮೈಮೇಲಿನ ಯಾವುದಾದರೂ ಗುರುತನ್ನು, ಎಲ್ಲಿಯೂ ಪ್ರಕಟಿಸದೆ ನೀವು ಉಳಿಸಿಕೊಂಡದ್ದನ್ನು, ಅವರಿಂದಲೇ ಹೇಳಿಸಿ. ಹೇಳದಿದ್ದರೆ ಆ ನಂಬರನ್ನು ರಾಯಭಾರ ಕಚೇರಿಗೆ ಕೊಟ್ಟು ಫೋನ್ ಇಟ್ಟುಬಿಡಿ.